ಪೌಡರ್ ಇಲ್ಲದ ಕ್ಯಾಸೆಟ್ಟು

ನಮ್ಮ ಮನೆಯಲ್ಲಿ ಯಾರಿಗೂ ಒಂದು ಕಡೆ ಸುಮ್ಮನೆ ನಿಲ್ಲಲು ಬರುತ್ತಿರಲಿಲ್ಲ. ಅಂಥ ಮನೆಯಲ್ಲಿ ಹುಟ್ಟಿದವಳು ಸಿನಿಮಾ ತೆಗೆಯುವ ಕೆಲಸಕ್ಕೆ ಕೈ ಹಾಕಬಾರದಿತ್ತು. ಅಪ್ಪ ಉಣ್ಣುತ್ತಿರುವಾಗಲೇ ಎದ್ದು ಹೋಗಿ ಕುರಿಗಳನ್ನು ನೋಡಿ ಬರುತ್ತಿದ್ದ. ಅವ್ವ ಮಾತಿನ ನಡುವೆ ಎದ್ದು ಹೊರಟುಬಿಡುತ್ತಿದ್ದಳು. ಉಳಿದದ್ದನ್ನು ನಾವು ಗೋಡೆಗೆ ಹೇಳಿ ಮುಗಿಸಬೇಕಿತ್ತು. ಅಕ್ಕ ಮಾದೇವಿಗೆ ನಗು ಬಂದರೆ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಇನ್ನು ಅತ್ತೆ. ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಬಂದ ದಿನವೇ ಅಡುಗೆಮನೆ ಹಿಡಿದಳು, ಅಲ್ಲಿಂದಲೇ ಇಡೀ ಮನೆಯನ್ನು ಆಳಿದಳು. ಅವಳ ಬಾಯಿ ನಿಂತದ್ದನ್ನು ನಾನು ನೋಡಿದ್ದು ಅವಳು ನಿದ್ದೆಯಲ್ಲಿದ್ದಾಗ ಮಾತ್ರ. ಆಗಲೂ ಅದು ಪೂರ್ತಿ ನಿಲ್ಲುತ್ತಿರಲಿಲ್ಲ.

ತಮಿಳ್ನಾಡಿನ ಪೆನ್ನಾಗರದಿಂದ ಹೊಗೆನಕಲ್ಲಿಗೆ ಹೋಗುವ ಬಸ್ಸಿನಿಂದ ಇಳಿದು ಸ್ವಲ್ಪ ಒಳಗೆ ನಡೆದರೆ ನಮ್ಮ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಹಿಂದೆ ಅಡುಗೆಮನೆ. ಪಕ್ಕದಲ್ಲಿ ಕುರಿದೊಡ್ಡಿ. ದೊಡ್ಡಿಗೂ ನಡುಮನೆಗೂ ನಡುವೆ ಇದ್ದದ್ದು ಸೊಂಟದೆತ್ತರದ ಗೋಡೆ. ನಾವು ಜಗಳವಾಡುವಾಗ ಕುರಿಗಳು ಆ ಗೋಡೆಯ ಮೇಲೆ ಮೂತಿ ಇಟ್ಟು ಕೇಳುತ್ತಿದ್ದವು, ನಡುನಡುವೆ ತಮ್ಮದೂ ಒಂದು ಮಾತು ಸೇರಿಸುತ್ತಿದ್ದವು. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮೂಡಲಿಗೆ ಹಿತ್ತಲ ಬಾಗಿಲು ಒಂದೇ. ಬೆಳಗ್ಗೆ ಆ ಬಾಗಿಲಿನಿಂದ ಬೆಳಕು ಓರೆಯಾಗಿ ಬಂದು ಒಲೆಯ ತನಕ ಮುಟ್ಟಿ ನಿಲ್ಲುತ್ತಿತ್ತು. ಹೊತ್ತೇರಿತೆಂದರೆ ಒಳಗೆಲ್ಲ ಮಸಿ, ಹೊಗೆ, ಅತ್ತೆಯ ದನಿ.

ನಾವೆಲ್ಲ ಕಪ್ಪು. ಮಳೆಯಿಲ್ಲದ ಸೀಮೆಯಲ್ಲಿ ಕುರಿಯ ಹಿಂದೆ ತಿರುಗುವವರು ಇನ್ನು ಯಾವ ಬಣ್ಣ ಇರಬೇಕು? ಅಷ್ಟು ಸಾಲದೆಂದು ನನಗೆ ಕೆಂಪಿ ಎಂದು ಹೆಸರಿಟ್ಟಿದ್ದರು. ಶಾಲೆಯಲ್ಲಿ ಹಾಜರಿ ಕೂಗಿದಾಗ ಮೊದಲು ಕನ್ನಡದ ಮನೆಗಳ ಮಕ್ಕಳು ನಗುತ್ತಿದ್ದರು. ಅವರು ಅರ್ಥ ಹೇಳಿಕೊಟ್ಟ ಮೇಲೆ ತಮಿಳಿನ ಮಕ್ಕಳೂ ನಗತೊಡಗಿದರು. ಶಾಲೆ ಪೂರಾ ತಮಿಳು. ಕನ್ನಡ ನಮಗೆ ಬಾಯಲ್ಲಷ್ಟೇ ಇತ್ತು. ಈ ಅಕ್ಷರಗಳನ್ನು ನಾನು ಕಲಿತದ್ದು ಎಷ್ಟೋ ತಡವಾಗಿ, ಬೇರೆ ಊರಲ್ಲಿ.

ಹತ್ತನೆಯ ತರಗತಿ ಮುಗಿದ ಮೇಲೆ ನನ್ನನ್ನು ಏನು ಮಾಡುವುದೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಅವ್ವನ ತಮ್ಮನಿಗೆ. ಮಾವ ಪೆನ್ನಾಗರದ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೊ ಸ್ಟುಡಿಯೊ ಇಟ್ಟಿದ್ದ, ಹೊಸದಾಗಿ ವಿಡಿಯೊ ಕ್ಯಾಮೆರಾ ತಂದಿದ್ದ. ಮದುವೆಗಳಿಗೆ ಅವನೇ ಹೋಗುತ್ತಿದ್ದ. ಆದರೆ ಹುಡುಗಿ ದೊಡ್ಡವಳಾದಾಗ ಮಾಡುವ ಆರತಿಗೆ ಗಂಡಸು ಕ್ಯಾಮೆರಾ ಹೊತ್ತು ಹೆಂಗಸರ ನಡುವೆ ನಿಂತರೆ ಮುದುಕಿಯರು ಬೈಯುತ್ತಿದ್ದರು. ಒಂದು ಮನೆಯಲ್ಲಿ ಅರಿಶಿನದ ನೀರನ್ನು ಅವನ ತಲೆಯ ಮೇಲೇ ಸುರಿದರಂತೆ. ಅವನಿಗೆ ಕ್ಯಾಮೆರಾ ಹಿಡಿಯುವ ಹೆಂಗಸೊಬ್ಬಳು ಬೇಕಾಯಿತು. ಹಾಗೆ ನಾನು ಸಿನಿಮಾಕ್ಕೆ ಬಂದೆ. ಕಲೆ, ಕನಸು ಎಂದೆಲ್ಲ ಈಗ ಜನ ನನ್ನ ಬಾಯಿಂದ ಹೇಳಿಸಲು ನೋಡುತ್ತಾರೆ. ಇದ್ದದ್ದು ಇಷ್ಟೇ: ಮಾವನ ಅಂಗಿ ಅರಿಶಿನವಾಗಿತ್ತು.

ಮಾವ ಕೆಟ್ಟವನಲ್ಲ. ಕ್ಯಾಮೆರಾವನ್ನು ಭುಜಕ್ಕೆ ಏರಿಸಿಕೊಳ್ಳುವುದು, ಉಸಿರು ಬಿಗಿಹಿಡಿದು ನಡೆಯುವುದು, ಬಿಳಿ ಪಂಚೆ ತೋರಿಸಿ ಬಣ್ಣ ಸರಿಮಾಡಿಕೊಳ್ಳುವುದು, ಎಲ್ಲ ಅವನೇ ಕಲಿಸಿದ. ಆದರೆ ಬೆಳಕಿನ ವಿಷಯಕ್ಕೆ ಬಂದರೆ ನನಗೂ ಅವನಿಗೂ ದಿನವೂ ಜಗಳ. ಯಾವ ಮನೆಗೆ ಹೋದರೂ ದೊಡ್ಡ ಲೈಟನ್ನು ನೇರ ಮುಖಕ್ಕೆ ಹಿಡಿಸುತ್ತಿದ್ದ. ಅದಕ್ಕೂ ಮುಂಚೆ ಹುಡುಗಿಯ ಮುಖಕ್ಕೆ ಪೌಡರು ಬಳಿಸುತ್ತಿದ್ದ. ಟೀವಿಯಲ್ಲಿ ನೋಡಿದರೆ ಮುಖ ಬೂದಿ ಮೆತ್ತಿದ ಗಡಿಗೆಯಂತಿರುತ್ತಿತ್ತು, ಕತ್ತು ಬೇರೆ ಯಾರದೋ ಎಂಬಂತೆ ಕಪ್ಪಗೆ ಉಳಿಯುತ್ತಿತ್ತು. ಕೊನೆಗೆ ಗಂಡುಹೆಣ್ಣನ್ನು ಹೊಗೆನಕಲ್ಲಿಗೆ ಕರೆದೊಯ್ದು ತೆಪ್ಪದಲ್ಲಿ ಕೂರಿಸುತ್ತಿದ್ದ. ಅಲ್ಲಿ ಬಿಸಿಲಿಗೆ ಬೆವರಿ ಪೌಡರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಸ್ಟುಡಿಯೊದ ಟೀವಿಯ ಬಣ್ಣವನ್ನು ಅವನು ಸರಿಮಾಡುತ್ತಿದ್ದದ್ದು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಒಂದು ಬೆಳ್ಳನೆಯ ಮಗುವನ್ನು ನೋಡಿ. ಆ ಮಗು ಸರಿ ಕಂಡರೆ ಎಲ್ಲ ಸರಿ. ಆ ಬಣ್ಣದ ಮಗು ಪೆನ್ನಾಗರದಲ್ಲಿ ಒಂದೂ ಇರಲಿಲ್ಲ.

"ಮಾವ, ಲೈಟ್ ಪಕ್ಕದಲ್ಲಿ ಇಡಾನ. ಮುಖಕ್ಕೆ ಯಾಕೆ ಒಡೀತೀಯ?"

"ಕಪ್ಪು ಮುಖ ಕ್ಯಾಮೆರಾಗೆ ಇಡಿಸಲ್ಲ ಕಣಮ್ಮಿ. ಜಪಾನ್‌ನವ್ನು ಮಾಡಿರೋದು. ಅವ್ನಿಗೇನು ಗೊತ್ತು ನಿಮ್ಮಪ್ಪನ್ ಬಣ್ಣ?"

ಇದಕ್ಕೆ ನನಗೆ ಸಿಟ್ಟು ಬಂತು. ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಒಂದು ಬೆಳಗ್ಗೆ, ಮದುವೆಮನೆಯಿಂದ ತಂದ ಕ್ಯಾಮೆರಾ ಇನ್ನೂ ನನ್ನ ಹತ್ತಿರವೇ ಇದ್ದಾಗ, ಅತ್ತೆ ಒಲೆಯ ಮುಂದೆ ಕೂತು ಹಿಟ್ಟು ತೊಳಸುತ್ತಿದ್ದಳು. ಹಿತ್ತಲ ಬಾಗಿಲ ಬೆಳಕು ಅವಳ ಅರ್ಧ ಮುಖದ ಮೇಲೆ ಬಿದ್ದಿತ್ತು. ಕ್ಯಾಮೆರಾದೊಳಗೆ ಕಣ್ಣಿಟ್ಟು ನೋಡಿದೆ. ಕೆನ್ನೆಯ ಮೂಳೆ, ಮೂಗುಬೊಟ್ಟು, ಬೆವರು, ಹಣೆಯ ಸುಕ್ಕು, ಎಲ್ಲ ಒಂದೊಂದಾಗಿ ಕಂಡವು. ಎಣ್ಣೆ ಹಚ್ಚಿದ ಹಲಸಿನ ಮರದ ಕಂಬದಂತೆ ಮುಖ ಹೊಳೆಯುತ್ತಿತ್ತು. ಕ್ಯಾಮೆರಾಕ್ಕೆ ನಮ್ಮ ಬಣ್ಣ ಹಿಡಿಸದೇನೂ ಇರಲಿಲ್ಲ. ನಿಲ್ಲಿಸಬೇಕಾದ ಜಾಗದಲ್ಲಿ ನಮ್ಮನ್ನು ಯಾರೂ ನಿಲ್ಲಿಸಿರಲಿಲ್ಲ. ಅಷ್ಟರಲ್ಲಿ ಅತ್ತೆ ತಿರುಗಿ ಕೋಲೆತ್ತಿದಳು.

"ಏನೇ ಅದು, ಉಣ್ಣೋ ಇಟ್ಟಿಗೆ ದೃಷ್ಟಿ ಆಕ್ತಾ ಕುಂತಿದೀಯ? ಅತ್ಲಾಗ್ ಓಗೆ!"

ಆ ವರ್ಷವೇ ಅಕ್ಕನಿಗೆ ಹರೂರಿನ ಕಡೆಯಿಂದ ಸಂಬಂಧ ಬಂತು. ಹುಡುಗ ಪಟ್ಟಾಳದಲ್ಲಿ ಸಿಪಾಯಿಯಾಗಿದ್ದ, ಎಲ್ಲೋ ಬಡಗಲ ಸೀಮೆಯಲ್ಲಿ. ರಜೆ ಸಿಗುವುದಿಲ್ಲ, ಹೆಣ್ಣಿನ ಫೋಟೊ ಕಳಿಸಿ ಎಂದರು. ಫೋಟೊ ಏಕೆ, ಕ್ಯಾಸೆಟ್ಟನ್ನೇ ಕಳಿಸೋಣ ಎಂದು ಮಾವ ಹುರುಪಿನಿಂದ ಹೇಳಿಬಿಟ್ಟ. ಹೇಳಿದ ವಾರವೇ ಅವನಿಗೆ ಬೇರೆ ಮದುವೆ ಬಂತು. ಬೆಳಗ್ಗೆ ನೀನೇ ತೆಗೆದುಬಿಡು, ಮಧ್ಯಾಹ್ನ ಕ್ಯಾಮೆರಾ ಬೇಕು ಎಂದು ಹೇಳಿ ಕೊಟ್ಟ.

ಅಕ್ಕನನ್ನು ಹಿತ್ತಲ ಬಾಗಿಲ ಪಕ್ಕ ಕೂರಿಸುವುದೆಂದು ನಾನು ಮೊದಲೇ ನಿರ್ಧರಿಸಿದ್ದೆ. ಬೆಳಕು ಅಲ್ಲಿ ನಿಲ್ಲುವ ಹೊತ್ತು ಸ್ವಲ್ಪವೇ. ನಾನು ಕ್ಯಾಮೆರಾ ಹೊತ್ತು ಬರುವಷ್ಟರಲ್ಲಿ ಅತ್ತೆ ಅಕ್ಕನ ಗಲ್ಲ ಹಿಡಿದುಕೊಂಡು ಪೌಡರ್ ಡಬ್ಬಿಯನ್ನು ಕುಲುಕುತ್ತಿದ್ದಳು. ನಾನು ಕೂಗಿದೆ. ಅವಳು ಅದಕ್ಕಿಂತ ಜೋರಾಗಿ ಕೂಗಿದಳು. ಅಕ್ಕ ಎದ್ದುಹೋಗಿ ಮುಖ ತೊಳೆದುಕೊಂಡು ಬಂದು, ಒದ್ದೆ ಮುಖದಲ್ಲೇ ಕೂತಳು. ಸರಿ, ಶುರುಮಾಡೋಣ ಎಂದು ಗುಂಡಿ ಒತ್ತಿದೆ. ಎಲ್ಲಿತ್ತೋ ಆ ದನಿ, ಅಕ್ಕ ನೆಟ್ಟಗೆ ಕೂತು ರೇಡಿಯೊದವಳಂತೆ ಹೇಳಿದಳು:

"ಎಲ್ಲಾರುಕ್ಕುಂ ವಣಕ್ಕಂ. ಎನ್ ಪೇರು ಮಾದೇವಿ."

"ಅಕ್ಕಾ, ತಮಿಳ್ ಯಾಕೆ? ಆ ಮನೆಯವ್ರೂ ನಮ್ ಮಾತೇ ಆಡೋದು."

"ಕ್ಯಾಮೆರಾ ಐತಲ್ಲೇ."

ಹಿಂದಿನಿಂದ ಅವ್ವ, ಎಂದೂ ಪೂರ್ತಿ ಮಾತಾಡದವಳು, ತಮಿಳಿನಲ್ಲಿ ಅಕ್ಕನ ಗುಣಗಾನ ಆರಂಭಿಸಿದಳು. ಅತ್ತೆಯ ತಮಿಳು ಸಂತೆಯಲ್ಲಿ ಚೌಕಾಸಿ ಮಾಡುವುದಕ್ಕೆ ಮಾತ್ರ ಆಗುವಂಥದ್ದು. ಆ ತಮಿಳಿನಲ್ಲೇ ಅವಳು ಹುಡುಗನ ಮನೆಯವರಿಗೆ ನಮ್ಮ ಹುಡುಗಿ ಚೆನ್ನಾಗಿ ಕಳಿ ಕಿಂಡುತ್ತಾಳೆ, ಅಂದರೆ ಮುದ್ದೆ ತೊಳಸುತ್ತಾಳೆ ಎಂದು ಕೋಲು ಎತ್ತಿ ತೋರಿಸಿದಳು. ಅಪ್ಪ ಕುರಿ ಹೊಡೆಯಲು ಹೊರಟವನು ಹಿಂದಿರುಗಿ ಬಂದು, ಹೊಸ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಅಕ್ಕನಿಗೂ ಬೆಳಕಿಗೂ ನಡುವೆ ಕಂಬದಂತೆ ನಿಂತು ಕೈ ಮುಗಿದ.

"ಅಪ್ಪಾ, ಅಡ್ಡ ಬಂದಿದೀಯ. ಕನ್ನಡ ಮಾತಾಡ್ರೋ ಯಾರಾನ!"

"ಸಿನ್ಮಾ ತಮಿಳ್ನಾಗೆ ತಾನೆ ಇರೋದು," ಎಂದ ಅಪ್ಪ, ಮುಗಿದ ಕೈ ಇಳಿಸದೆ.

ಬೆಳಕು ಬಾಗಿಲಿನಿಂದ ಜಾರುತ್ತಿತ್ತು. ನನಗೆ ಅಳು ಬಂದಿತ್ತು. ಹುಟ್ಟಿದಂದಿನಿಂದ ತಲೆ ತಿನ್ನುವಷ್ಟು ಮಾತಾಡಿದ ಜನ, ನಾನು ಹಿಡಿಯಲು ಬಂದ ದಿನವೇ ಯಾರೋ ನೆಂಟರಂತೆ ನಿಂತಿದ್ದರು. ಸಾಕು, ನಿಲ್ಲಿಸಿಬಿಡೋಣ ಎಂದು ಕ್ಯಾಮೆರಾವನ್ನು ಅಕ್ಕಿ ಡಬ್ಬದ ಮೇಲೆ ಇಟ್ಟೆ. ಸಿಟ್ಟಿನಲ್ಲಿ ನಿಲ್ಲಿಸುವ ಗುಂಡಿ ಒತ್ತುವುದನ್ನು ಮರೆತೆ, ಕ್ಯಾಸೆಟ್ಟು ಓಡುತ್ತಲೇ ಇತ್ತು. ಅಪ್ಪ ಅರ್ಧ ತೆರೆದೇ ಬಿಟ್ಟುಬಂದಿದ್ದ ದೊಡ್ಡಿಯ ಬಾಗಿಲಿನಿಂದ ಟಗರೊಂದು ಹಿತ್ತಲಿಗೆ ಬಂದು, ಹಿತ್ತಲಿನಿಂದ ಅಡುಗೆಮನೆಗೆ ನುಗ್ಗಿ, ಅತ್ತೆ ಮುಚ್ಚದೆ ಇಟ್ಟಿದ್ದ ರಾಗಿಹಿಟ್ಟಿನ ಮೊರಕ್ಕೆ ಮೂತಿ ಹಾಕಿತು. ಅಷ್ಟೇ. ತಮಿಳು ಎಲ್ಲಿ ಹೋಯಿತೋ.

"ಅಯ್ಯೋ ನಿನ್ ಬಾಯ್ಗೆ ಮಣ್ಣಾಕ! ಲೇ, ಇಡ್ಕೊಳ್ರೋ! ಬಾಗ್ಲ ಯಾವನ್ಲಾ ತಗ್ದವ್ನು?"

"ಬಡೀಬ್ಯಾಡ ಕಣಕ್ಕಾ, ಕೊಂಬ್ ಮುರೀತೈತೆ!" ಅಪ್ಪ ಕೂಗಿದ.

"ಕೊಂಬ್ ಮುರದ್ರೆ ಮುರೀಲಿ, ಉಣ್ಣಾಕೆ ನಿನ್ ಟವಲ್ ಬೇಯ್ಸ್ಲಾ?"

ಅತ್ತೆ ಕೋಲು ಬೀಸಿದಳು. ಟಗರು ತಲೆಯೆತ್ತಿದಾಗ ಹಿಟ್ಟು ಹಾರಿ ಅಪ್ಪನ ಮೀಸೆಯೆಲ್ಲ ಬೆಳ್ಳಗಾಯಿತು. ಅವ್ವ ಒಲೆಯ ಮೇಲೆ ಗಂಟುಗಟ್ಟುತ್ತಿದ್ದ ಹಿಟ್ಟಿನ ಗಡಿಗೆಯನ್ನು ಎರಡೂ ಕೈಯಲ್ಲಿ ಕಾದುಕೊಂಡು ನಿಂತಳು. ಅಕ್ಕ ಸೆರಗು ಬಾಯಿಗೆ ತುರುಕಿಕೊಳ್ಳಲೂ ಮರೆತು, ಕೊನೆಯ ಚೂರು ಬೆಳಕಿನಲ್ಲಿ ಬಾಗಿಲಿಗೆ ಒರಗಿ, ಹಲ್ಲೆಲ್ಲ ಕಾಣುವಂತೆ ನಕ್ಕಳು. ಮೂಗಿನ ಮೇಲೆ ನೀರಿನ ಹನಿ ಇನ್ನೂ ಇತ್ತು.

ಮಾವ ಸ್ಟುಡಿಯೊದಲ್ಲಿ ಅದನ್ನು ಹಾಕಿ ನೋಡಿ ತಲೆ ಚಚ್ಚಿಕೊಂಡ.

"ಏನಮ್ಮಿ ಇದು? ಮದ್ವೆ ಪೊಣ್ಣು ಎಲ್ಲೈತೆ? ಕತ್ಲು ಐತೆ, ಟಗರು ಐತೆ, ನಿಮ್ಮತ್ತೆ ಬಾಯಿ ಐತೆ."

ಮಾರನೆಯ ದಿನ ತಾನೇ ಬಂದು ಇನ್ನೊಂದು ತೆಗೆದ. ದೊಡ್ಡ ಲೈಟು, ಪೌಡರು, ಪ್ಲಾಸ್ಟಿಕ್ ಹೂವಿನ ಕುಂಡ. ಸುತ್ತ ಹೃದಯದ ಚೌಕಟ್ಟು ಬೇರೆ ಕೂರಿಸಿದ. ಯಾವುದನ್ನು ಕಳಿಸುವುದೆಂದು ನೋಡಲು ಅತ್ತೆ, ಅವ್ವ, ಅಕ್ಕ, ನಾನು ಪೆನ್ನಾಗರಕ್ಕೆ ಹೋದೆವು. ಮಾವನದನ್ನು ಹಾಕಿದಾಗ ಅತ್ತೆ ತೃಪ್ತಿಯಿಂದ ತಲೆಯಾಡಿಸಿದಳು. ನನ್ನದನ್ನು ಹಾಕಿದಾಗ ಮುಖ ತಿರುಗಿಸಿಕೊಂಡಳು. ಅಕ್ಕ ಮಾತ್ರ ಎರಡನ್ನೂ ಅಲುಗಾಡದೆ ನೋಡಿದಳು. ಅಷ್ಟು ಹೊತ್ತು ಅವಳು ಸುಮ್ಮನೆ ಕೂತಿದ್ದು ಅದೇ ಮೊದಲು.

"ಕೆಂಪಿದು ಕಳ್ಸಿ," ಎಂದಳು.

"ಉಚ್ಚು ಇಡೀತಾ? ಇರೋ ಬಣ್ಣ ತೋರ್ಸಿದ್ರೆ ಯಾವ ಮಾಪ್ಳೆ ಬತ್ತಾನೆ?" ಎಂದಳು ಅತ್ತೆ.

"ಮಾವ ತೆಗ್ದಿದ್ರಾಗಿರೋಳು ಯಾರೋ ನಂಗೆ ಗೊತ್ತಿಲ್ಲ ಅತ್ತೆ. ಅವ್ಳ್ನ ಒಪ್ಕೊಂಡು ತಾಳಿ ಕಟ್ಟಾಕೆ ಬಂದ್ರೆ ನಾನ್ ಎಲ್ಲಿಂದ ತಂದ್ಕೊಡ್ಲಿ? ದಿನಾ ಪೌಡರ್ ಬಳ್ಕೊಂಡು ಸಾಯ್ಬೇಕಾ?"

ಅಕ್ಕ ಹಾಗೆ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ನನ್ನ ಕ್ಯಾಸೆಟ್ಟೇ ಹೋಯಿತು. ಕೆಲವು ವಾರಗಳ ಮೇಲೆ ತಿರುಗಿ ಬಂತು. ತಂದುಕೊಟ್ಟ ನೆಂಟನು ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಹುಡುಗಿಗೆ ಕಲರು ಕೊಂಚ ಕಮ್ಮಿ ಅಂತಾರೆ ಎಂದ. ಆಮೇಲೆ, ಅಡುಗೆಮನೆಯೊಳಗೆ ಟಗರು ತಿರುಗುವ ಮನೆಯೇ ಎಂದೂ ಕೇಳಿದರು ಎಂದ. ಅತ್ತೆ ಅವನ ಕೈಯಿಂದ ಲೋಟ ಕಿತ್ತುಕೊಂಡಳು.

ಅಂದಿನಿಂದ ಮನೆಯಲ್ಲಿ ನಾನು ಅಪರಾಧಿ. ಹೆಣ್ಣನ್ನು ಬೇಡವೆಂದ ಹರೂರಿನವರನ್ನು ಯಾರೂ ಬೈಯಲಿಲ್ಲ. ಬಣ್ಣ ನೋಡಿ ಹೆಣ್ಣು ಆರಿಸುವ ಪದ್ಧತಿಯನ್ನೂ ಬೈಯಲಿಲ್ಲ. ಬೈಗುಳವೆಲ್ಲ ಕ್ಯಾಮೆರಾಕ್ಕೆ, ಅದರ ಹಿಂದಿದ್ದ ನನಗೆ. ಸ್ಟುಡಿಯೊಗೆ ಇನ್ನು ಹೋಗಕೂಡದು ಎಂದ ಅಪ್ಪ. ಅತ್ತೆ ನನ್ನೊಂದಿಗೆ ಮಾತು ಬಿಟ್ಟಳು. ಅವಳು ಮಾತು ಬಿಡುವುದೆಂದರೆ ನನಗೆ ಹೇಳಬೇಕಾದ್ದನ್ನೆಲ್ಲ ನಾನು ಪಕ್ಕದಲ್ಲಿದ್ದಾಗ ಕುರಿಗಳಿಗೆ ಹೇಳುವುದು. "ಅಕ್ಕನ್ ಬಾಳ್ ಆಳ್ ಮಾಡಿ ಉಣ್ಣಾಕ್ ಬಂದವ್ಳೆ ನೋಡ್ರೋ," ಎಂದು ಗೋಡೆಯಾಚೆಗೆ ಕೂಗುತ್ತ ನನ್ನ ತಟ್ಟೆಗೆ ಮುದ್ದೆ ಬಡಿಯುತ್ತಿದ್ದಳು. ಮುದ್ದೆ ಮಾತ್ರ ಎಂದಿನಷ್ಟೇ ದೊಡ್ಡದಾಗಿರುತ್ತಿತ್ತು. ಜಗಳವಾಡೋಣವೆಂದರೆ ಎದುರಾಳಿ ಬೆನ್ನು ತಿರುಗಿಸಿ ನಿಂತಿರುತ್ತಿದ್ದಳು. ಆ ಮನೆಯಲ್ಲಿ ನೆಮ್ಮದಿಯಾಗಿ ಕೋಪಿಸಿಕೊಳ್ಳಲೂ ಆಗುತ್ತಿರಲಿಲ್ಲ.

ಇದನ್ನು ಮುರಿದವಳು ಅಕ್ಕನೇ. ಒಂದು ದಿನ ಎಲ್ಲರೂ ಉಣ್ಣುತ್ತಿರುವಾಗ ಅಪ್ಪನಿಗೆ ಹೇಳಿದಳು:

"ಬ್ಯಾಡ ಅಂದಿದ್ದು ನನ್ನ. ನಾನೇ ಉಣ್ತಾ ಇದೀನಿ, ನಗ್ತಾ ಇದೀನಿ. ನೀವ್ಯಾಕೆ ಮೂತಿ ಊದಿಸ್ಕೊಂಡಿದೀರ? ನಾಳೆ ಅವ್ಳು ಸ್ಟುಡಿಯೊಗೆ ಓಗ್ಲಿ."

ಅಪ್ಪ ಕುರಿ ನೋಡಲು ಎದ್ದುಹೋದ. ಬೇಡವೆಂದು ಹೇಳಲಿಲ್ಲವಲ್ಲ ಎಂದು ನಾನು ಮಾರನೆಯ ದಿನ ಬಸ್ಸು ಹತ್ತಿದೆ. ಮಾವ ಊಟಕ್ಕೆ ಹೋದಾಗಲೆಲ್ಲ ಎರಡು ವಿಸಿಆರ್ ಜೋಡಿಸಿಕೊಂಡು ಆ ಕ್ಯಾಸೆಟ್ಟಿನಿಂದ ಬೇಕಾದ ತುಣುಕುಗಳನ್ನು ಇನ್ನೊಂದಕ್ಕೆ ಇಳಿಸಿದೆ. ತಮಿಳಿನ ನಮಸ್ಕಾರದಿಂದ ಆರಂಭ, ಅಕ್ಕನ ನಗುವಿನಲ್ಲಿ ಮುಕ್ತಾಯ. ಸರಿಯಾದ ಜಾಗದಲ್ಲಿ ಒತ್ತಿದೆನೆಂದುಕೊಂಡರೆ ಒಂದು ಉಸಿರು ತಡವಾಗಿರುತ್ತಿತ್ತು; ಮತ್ತೆ ಮೊದಲಿನಿಂದ. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಕ್ಯಾಸೆಟ್ಟಿನ ನಕಲು ಮಾಡಿಸಲು ಬಂದಿದ್ದ ಸೇಲಂನ ಮೇಷ್ಟ್ರೊಬ್ಬರು ಅದನ್ನು ನಿಂತು ನೋಡಿದರು. ಅವರೂ ಅವರ ಗೆಳೆಯರೂ ಸೇರಿ ತಿಂಗಳಿಗೊಮ್ಮೆ ಶಾಲೆಯ ಹಾಲಿನಲ್ಲಿ ಸಿನಿಮಾ ತೋರಿಸುತ್ತಿದ್ದರಂತೆ. ಇದನ್ನೂ ತೋರಿಸೋಣ, ನೀನೂ ಬಾ ಎಂದರು.

ನಾನೊಬ್ಬಳೇ ಹೋಗಬೇಕೆಂದಿದ್ದೆ. ಹೆಣ್ಣುಮಗು ಸೇಲಂಗೆ ಒಂಟಿಯಾಗಿ ಹೋಗುವುದೇ ಎಂದು ಮನೆಯೇ ಹೊರಟಿತು. ಕುರಿಗಳನ್ನು ನೆರೆಯವರಿಗೆ ಒಪ್ಪಿಸಿ ಅಪ್ಪ ಬಂದ. ಅತ್ತೆ ನನ್ನೊಂದಿಗೆ ಮಾತಾಡದೆಯೇ ಬಂದಳು. ಧರ್ಮಪುರಿಯಲ್ಲಿ ಬಸ್ಸು ಬದಲಿಸುವಾಗ ಅವ್ವ ಕಾಣೆಯಾದಳು, ಹೂ ಕೊಳ್ಳುತ್ತಿದ್ದಳು. ಹಾಲ್ ತಲುಪಿದಾಗ ಸಿನಿಮಾ ಇನ್ನೇನು ಆರಂಭವಾಗಬೇಕು, ನನ್ನ ಕೈಯಲ್ಲಿ ಬುತ್ತಿಯ ಗಂಟು ಮತ್ತು ಕಾಲು ಕಚ್ಚುತ್ತದೆಂದು ಅತ್ತೆ ಬಿಚ್ಚಿದ್ದ ಚಪ್ಪಲಿ.

ದೀಪ ಆರಿಸಿದರು. ಅಕ್ಕನ ಮುಖ, ಆಮೇಲೆ ಅತ್ತೆಯ ಮುಖ, ಬಿಳಿ ಪರದೆಯ ಮೇಲೆ ಗೋಡೆಯಷ್ಟಗಲ ಬಂದವು. ಅಷ್ಟು ದೊಡ್ಡದಾಗಿ ನಮ್ಮ ಬಣ್ಣದ ಮುಖವನ್ನು ನಾನು ಯಾವ ಸಿನಿಮಾದಲ್ಲೂ ನೋಡಿರಲಿಲ್ಲ. ಇದ್ದರೂ ಅವರು ಏಟು ತಿನ್ನುವ ಅಡಿಯಾಳುಗಳು, ಇಲ್ಲವೇ ನಗಿಸುವವರು. ಟಗರು ನುಗ್ಗಿದಾಗ ಹಾಲಿನಲ್ಲಿ ನಗು ಎದ್ದಿತು. ಕೊನೆಗೆ ಅಕ್ಕ ನಕ್ಕಾಗ ಯಾರೂ ನಗಲಿಲ್ಲ, ಎಲ್ಲರೂ ನೋಡುತ್ತಿದ್ದರು. ಕತ್ತಲಲ್ಲಿ ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ಅವಳ ಉಗುರು ಚುಚ್ಚುತ್ತಿತ್ತು.

ಆಮೇಲೆ ನನ್ನನ್ನು ಮುಂದೆ ಕರೆದು ನಿಲ್ಲಿಸಿದರು. ಒಬ್ಬರು ಎದ್ದು, ತಮಿಳ್ನಾಡಿನಲ್ಲಿ ಇದ್ದುಕೊಂಡು ಇದನ್ನು ತಮಿಳಿನಲ್ಲಿ ಏಕೆ ತೆಗೆಯಲಿಲ್ಲ ಎಂದರು. ಬೆಂಗಳೂರಿನಿಂದ ಬಂದಿದ್ದ ಇನ್ನೊಬ್ಬರು, ಇದು ಯಾವ ಕನ್ನಡ, ಶುದ್ಧವಾಗಿಲ್ಲವಲ್ಲ ಎಂದರು. ಇನ್ನೊಬ್ಬರು ಲೈಟು ಸಾಲದು ಎಂದರು. ನನಗೆ ರೇಗಿತು. ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಅತ್ತೆ ಎದ್ದು ನಿಂತಳು. ಎಲ್ಲರೂ ತಿರುಗಿದರು. ನನ್ನ ಪರವಾಗಿ ಏನೋ ಹೇಳುತ್ತಾಳೆಂದು ನಾನೂ ನಂಬಿದೆ.

"ಸ್ವಾಮಿ, ಅವತ್ತು ಇಟ್ಟು ಗಂಟಾಗಿತ್ತು. ದಿನಾ ಅಂಗಿರಲ್ಲ. ಈ ಉಡ್ಗಿ ಕ್ಯಾಮೆರಾ ಇಡ್ಕೊಂಡು ಅಡ್ಡ ನಿಂತಿದ್ಲು, ಅದ್ಕೇ ಅಂಗಾಯ್ತು. ನೀವೆಲ್ಲ ತಪ್ಪು ತಿಳ್ಕೋಬ್ಯಾಡ್ರಿ."

ಹೇಳಿ ಕೂತಳು. ಹಾಲ್ ನಕ್ಕಿತು, ಚಪ್ಪಾಳೆ ತಟ್ಟಿತು. ನನ್ನ ಮೊದಲ ಸಿನಿಮಾಕ್ಕೆ ಬಿದ್ದ ಚಪ್ಪಾಳೆಯಲ್ಲಿ ಎಷ್ಟು ನನ್ನದು, ಎಷ್ಟು ಗಂಟಾದ ಹಿಟ್ಟಿನದು ಎಂದು ಇಂದಿಗೂ ನನಗೆ ತಿಳಿಯದು.

ಅಕ್ಕನಿಗೆ ಆಮೇಲೆ ಮೇಟೂರಿನ ಕಡೆ ಮದುವೆಯಾಯಿತು. ಆ ಹುಡುಗ ಕ್ಯಾಸೆಟ್ಟು, ಫೋಟೊ ಏನನ್ನೂ ಕೇಳದೆ ತಾನೇ ಬಂದು, ನಡುಮನೆಯಲ್ಲಿ ಕೂತು, ಹಗಲು ಬೆಳಕಿನಲ್ಲಿ ಅವಳನ್ನು ನೋಡಿಕೊಂಡು ಹೋದ. ಅಕ್ಕನೂ ಅವನನ್ನು ಚೆನ್ನಾಗಿ ನೋಡಿದಳು. ಆದರೆ ಅದು ಆಮೇಲಿನ ಮಾತು. ಆ ಸಂಜೆ ನಾನು ಸೇಲಂನಿಂದ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಮುಖ ಊದಿಸಿಕೊಂಡು ಕೂತಿದ್ದೆ. ಈ ಜನರ ಜೊತೆ ಇನ್ನೆಂದೂ ಕ್ಯಾಮೆರಾ ತೆಗೆಯುವುದಿಲ್ಲ, ಬೇರೆ ಊರಿಗೆ ಹೋಗಿ ಸುಮ್ಮನೆ ನಿಲ್ಲಲು ಬರುವವರನ್ನು ಹುಡುಕಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡುತ್ತಿದ್ದೆ. ಪಕ್ಕದಲ್ಲಿ ಅತ್ತೆ ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದಳು. ತೊಪ್ಪೂರಿನ ತಿರುವುಗಳಲ್ಲಿ ಬಸ್ಸು ವಾಲಿದಾಗ ಕಣ್ಣು ಬಿಟ್ಟಳು. ನನ್ನ ಕಡೆ ತಿರುಗಲಿಲ್ಲ, ಎದುರಿನ ಸೀಟಿಗೆ ಹೇಳುವಂತೆ ಹೇಳಿದಳು:

"ಮುಂದಿನ್ ಸಲ ತಗಿಯಾಗ ಮೊದ್ಲೇ ನಂಗೊಂದ್ ಮಾತು ಏಳೇ. ಗಡಿಗೆ ಆದ್ರೂ ತೊಳ್ದಿಡ್ತೀನಿ."

ನಾನು ಗೊಣಗಿದೆ, ಗಡಿಗೆ ಯಾರು ನೋಡುತ್ತಾರೆ ಎಂದೆ. ಅವಳು, ಎಲ್ಲರೂ ಅದನ್ನೇ ನೋಡಿದರು ಎಂದಳು. ಜಗಳ ಧರ್ಮಪುರಿಯ ತನಕ ನಡೆಯಿತು. ಬಸ್ಸಿನಿಂದ ಇಳಿದು, ಅವಳ ಚಪ್ಪಲಿಯನ್ನು ಅವಳ ಕಾಲ ಮುಂದೆ ಇಡುವಾಗಷ್ಟೇ ನನಗೆ ಹೊಳೆಯಿತು: ಅತ್ತೆ ನನ್ನೊಂದಿಗೆ ಮಾತು ಬಿಟ್ಟದ್ದು ಮುಗಿದಿತ್ತು, ಮತ್ತು ಅವಳು ಮುಂದಿನ ಸಲ ಎಂದಿದ್ದಳು.